ಸ್ಪಂಜು: ಸಸ್ಯವೂ ಅಲ್ಲ, ಜಡವೂ ಅಲ್ಲ

ಕಂದಮೂಲವನ್ನು ವರ್ಜಿಸಿ, ನೀರನ್ನು ಸೋಸಿ ಕುಡಿಯುವ ಮನೆಯ ಸ್ನಾನಗೃಹದಲ್ಲಿ ಪ್ರಾಣಿಯೊಂದರ ಅಸ್ಥಿಪಂಜರ ನೇತಾಡುವುದು ವಿಪರ್ಯಾಸವಲ್ಲವೇ? ಮಾರುಕಟ್ಟೆಯ ಸ್ಪಂಜುಗಳಲ್ಲಿ ಬಹುಪಾಲು ಕೃತಕ. ಅವುಗಳ ಮಾತು ಬೇರೆ. 'ನೈಸರ್ಗಿಕ'ವೆಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರಾಟವಾಗುವ ಸಮುದ್ರದ ಸ್ಪಂಜು ಮಾತ್ರ ಒಮ್ಮೆ ಬದುಕಿದ್ದ ಜೀವಿ.

ಅದು ಸಸ್ಯವೆಂಬ ಭ್ರಮೆ ಹಳೆಯದು. 1820ರ ದಶಕದಲ್ಲಿ ಎಡಿನ್‌ಬರೋದ ರಾಬರ್ಟ್ ಗ್ರಾಂಟ್ ಸಜೀವ ಸ್ಪಂಜಿನ ರಂಧ್ರಗಳಿಂದ ನೀರು ಚಿಮ್ಮುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅಸಂಖ್ಯ ಸಣ್ಣ ರಂಧ್ರಗಳಿಂದ ನೀರು ಒಳಸೇರುತ್ತದೆ. ಒಳಗಿನ ಜೀವಕೋಶಗಳು ಚಾವಟಿಯಂಥ ಎಳೆಗಳನ್ನು ಬೀಸಿ ಅದನ್ನು ಹರಿಸಿ, ಸೂಕ್ಷ್ಮ ಆಹಾರಕಣಗಳನ್ನು ಸೋಸಿಕೊಳ್ಳುತ್ತವೆ. ಉಳಿದ ನೀರು ದೊಡ್ಡ ದ್ವಾರದಿಂದ ಹೊರಬೀಳುತ್ತದೆ. ಮರಿಯಾಗಿರುವಾಗ ಸ್ಪಂಜು ಸ್ವಲ್ಪ ಕಾಲ ಈಜಿ, ಬಳಿಕ ಬಂಡೆಯನ್ನು ಹಿಡಿದು ನೆಲೆನಿಲ್ಲುತ್ತದೆ.

'ನರವೇ ಇಲ್ಲದ ಜೀವಿಗೆ ನೋವೆಲ್ಲಿಯದು?' ಎನ್ನುವವರುಂಟು. ಸ್ಪಂಜಿಗೆ ನರಕೋಶಗಳಿಲ್ಲವೆಂಬುದು ನಿಜ. ಆದರೂ ಕೆಸರು ತುಂಬಿದಾಗ ಅದು ರಂಧ್ರಗಳನ್ನು ಮುಚ್ಚುತ್ತದೆ. ಕೆಲವು ಜಾತಿಗಳು ಇಡೀ ದೇಹವನ್ನೇ ನಿಧಾನವಾಗಿ ಸಂಕುಚಿಸುತ್ತವೆ. ನರವಿಲ್ಲವೆಂಬುದು ಪ್ರಾಣವಿಲ್ಲವೆಂಬುದಕ್ಕೆ ಸಾಕ್ಷಿಯಾಗದು. ಪೃಥ್ವಿಕಾಯ, ಜಲಕಾಯಗಳಲ್ಲೂ ಜೀವವನ್ನು ಕಂಡ ಪರಂಪರೆಯವರ ಬಾಯಲ್ಲಿ ಈ ವಾದ ಶೋಭಿಸುವುದೂ ಇಲ್ಲ.

ಇನ್ನು ಕೆಲವರದು ವರ್ಗೀಕರಣದ ತರ್ಕ: ಅದು ಏಕೇಂದ್ರಿಯ, ಆದ್ದರಿಂದ ದೋಷ ಅಲ್ಪ. 1907ರಲ್ಲಿ ಅಮೆರಿಕದ ಎಚ್. ವಿ. ವಿಲ್ಸನ್ ಸ್ಪಂಜನ್ನು ರೇಷ್ಮೆಬಟ್ಟೆಯಲ್ಲಿ ಹಿಂಡಿ ಕೋಶಗಳನ್ನು ಬಿಡಿಬಿಡಿಯಾಗಿಸಿದಾಗ ಅವು ಮತ್ತೆ ಕೂಡಿಕೊಂಡು ಹೊಸ ಸ್ಪಂಜಾದವು. ಇಂಥ ದೇಹದಲ್ಲಿ ಜೀವ ಒಂದೋ, ಅನೇಕವೋ? ಪಂಡಿತರು ಚರ್ಚಿಸಲಿ. ಏಕೇಂದ್ರಿಯವೆಂದೇ ಒಪ್ಪಿದರೂ ಶ್ರಾವಕನಿಗೆ ಸ್ಥಾವರಹಿಂಸೆಯಲ್ಲಿ ದೊರೆತ ಸಡಿಲಿಕೆ ಅನಿವಾರ್ಯವಾದ ಜೀವನಕ್ಕೆ, ಮೈಯುಜ್ಜುವ ವಿಲಾಸಕ್ಕಲ್ಲ. ಪ್ರಯೋಜನವಿಲ್ಲದ ಹಿಂಸೆಗೆ ಅನರ್ಥದಂಡವೆಂಬ ಹೆಸರೇ ಇದೆ. ಮೇಲಾಗಿ ಸ್ಪಂಜಿನ ಪೊಳ್ಳುಗಳಲ್ಲಿ ಸಿಗಡಿಗಳೂ ಹುಳುಗಳೂ ಮನೆಮಾಡಿರುತ್ತವೆ. ಅವು ತ್ರಸಜೀವಿಗಳಲ್ಲವೇ?

'ಬುಡ ಉಳಿಸಿ ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ' ಎಂಬ ವ್ಯಾಪಾರಿಗಳ ಸಮಾಧಾನ ಅರ್ಧಸತ್ಯ. ಉಳಿದ ಬುಡ ಬೆಳೆಯಬಹುದು. ಕತ್ತರಿಸಿ ತಂದದ್ದು ಸಾಯುತ್ತದೆ. ಅದರ ಮಾಂಸ ಕೊಳೆತ ಮೇಲೆ ತುಳಿದು, ಹಿಂಡಿ, ತೊಳೆದು ತೆಗೆಯುತ್ತಾರೆ. ಉಳಿಯುವ ನಾರಿನ ಬಲೆಯೇ ಅಂಗಡಿಗೆ ಬರುವ ಸರಕು. ಈ ವ್ಯಾಪಾರ ಮನುಷ್ಯರನ್ನೂ ಬಿಟ್ಟಿಲ್ಲ: 1860ರ ದಶಕದಲ್ಲಿ ಮುಳುಗುಡುಪು ಬಂದ ಮೇಲೆ ಗ್ರೀಸಿನ ಕಾಲಿಮ್ನೋಸ್ ಮೊದಲಾದ ದ್ವೀಪಗಳ ಅನೇಕ ಮುಳುಗುಗಾರರು ಆಳದಿಂದ ಬೇಗನೆ ಮೇಲೇರಿ ಸತ್ತರು, ಅಂಗವಿಕಲರಾದರು.

ಬಸದಿಗಳ ಯಾತ್ರಿನಿವಾಸಗಳಿಗೆ ಸಾಮಗ್ರಿ ಕೊಳ್ಳುವ ವಿಶ್ವಸ್ಥರು 'ನೈಸರ್ಗಿಕ' ಎಂಬ ಚೀಟಿಯನ್ನು ಕಂಡಲ್ಲಿ ಅದು ಯಾವುದರಿಂದ ಬಂದದ್ದೆಂದು ಕೇಳಬೇಕು. ಮೈಯುಜ್ಜಲು ನಾರೇ ಬೇಕಿದ್ದರೆ, ಬಳ್ಳಿಯಲ್ಲೇ ಬಲಿತು ಒಣಗಿದ ಹೀರೇಕಾಯಿ ಹಿತ್ತಲಿನಲ್ಲೇ ಸಿಗುತ್ತದೆ.