377 ಹೋಯ್ತು, ಗಿಣಿಗೇರಾಕ್ಕೆ ಏನು ಬಂತು?



ಕಳೆದ ಸಾರಿ ಎಥ್ನಿಕ್ ಡೇ ದಿನ ನಾವು ಆಡಿದ ಕಿರುನಾಟಕ ನಿಮಗೆ ನೆನಪಿರಬಹುದು. ಒಬ್ಬ ಹುಡುಗ ಸೀರೆ ಉಟ್ಟು, ಸೊಂಟ ಬಳುಕಿಸುತ್ತಾ ಬರ್ತಾನೆ, ಉಳಿದವರು ಅವನನ್ನು ಕಂಡು ಓಡಿ ಹೋಗ್ತಾರೆ. ಜೋಕು ಅಷ್ಟೇ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಬರೆದವರೂ ನಾವೇ, ಆಡಿದವರೂ ನಾವೇ.

ಅವತ್ತು ಸಂಜೆ ಗಿಣಿಗೇರಾ ಸ್ಟೇಷನ್ನಿನಲ್ಲಿ ಇಳಿದು ಚಹಾ ಕುಡಿಯುವಾಗ ನಮ್ಮ ಬಳಗದ ಒಬ್ಬ ಗೆಳೆಯ, "ನಾ ನಗಲಿಲ್ಲ, ನೋಡಿದ್ರೇನು?" ಅಂದ. ಸ್ವಲ್ಪ ಹೊತ್ತು ಬಿಟ್ಟು, ತಾನು ಗೇ ಅಂತ ಹೇಳಿದ. "ಡಿಗ್ರಿ ಮುಗಿದ ಕೂಡ್ಲೆ ಮದುವಿ ಅಂತಾರ ಮನ್ಯಾಗ. ಹುಡುಗೀನೂ ನೋಡ್ಯಾರ. ಬ್ಯಾಡ ಅನ್ನಾಕ ಏನಂತ ಕಾರಣ ಕೊಡ್ಲಿ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವನ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಇದನ್ನು ಬರೀತಿದ್ದೀವಿ.

"377 ಹೋಯ್ತಲ್ಲ, ಇನ್ನೇನು ಬೇಕು ಇವರಿಗೆ?" ಅಂತ ಕೇಳುವವರು ನಮ್ಮ ಕ್ಲಾಸಿನಲ್ಲೇ ಇದ್ದಾರೆ. ಏನು ಹೋಯ್ತು, ಏನು ಬಂತು ಅಂತ ಒಮ್ಮೆ ಲೆಕ್ಕ ಹಾಕೋಣ. ಬ್ರಿಟಿಷರು 1860ರಲ್ಲಿ ಮಾಡಿದ ದಂಡ ಸಂಹಿತೆಯ ಆ ಕಲಮನ್ನು 2009ರಲ್ಲಿ ದೆಹಲಿ ಹೈಕೋರ್ಟ್ ಸಡಿಲಿಸಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಜೀವಂತ ಮಾಡಿತು. ಈ ಜನ ದೇಶದ ಜನಸಂಖ್ಯೆಯಲ್ಲಿ ತೀರಾ ಸಣ್ಣ ಪಾಲು ಅನ್ನೋದು ಆಗ ಕೊಟ್ಟ ಕಾರಣಗಳಲ್ಲಿ ಒಂದು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರಿಬ್ಬರು ಒಪ್ಪಿ ಕೂಡಿದರೆ ಅದು ಅಪರಾಧವಲ್ಲ ಎಂದು ಹೇಳಿತು. ಅರ್ಜಿ ಹಾಕಿದವರಲ್ಲಿ ಬೇರೆ ಬೇರೆ ಐಐಟಿಗಳ ಹಾಲಿ ಮತ್ತು ಹಳೆಯ ವಿದ್ಯಾರ್ಥಿಗಳೂ ಇದ್ದರು. ಅಂದರೆ ನಮ್ಮಂಥ ಎಂಜಿನಿಯರುಗಳೇ.

ಜೈಲಿನ ಭಯ ಹೋಯ್ತು, ಸರಿ. ಆದರೆ ಅಪರಾಧ ಅಲ್ಲ ಅನ್ನೋದು ಬೇರೆ, ಹಕ್ಕು ಇದೆ ಅನ್ನೋದು ಬೇರೆ. 2018ರಲ್ಲಿ ಕೇಂದ್ರ ಸರ್ಕಾರ, ಕೋರ್ಟ್ ತನ್ನ ವಿವೇಕದಂತೆ ತೀರ್ಮಾನಿಸಲಿ ಎಂದಿತು. 2023ರ ಅಕ್ಟೋಬರ್ 17ರಂದು ಮದುವೆಯ ಪ್ರಶ್ನೆಗೆ ಉತ್ತರ ಕೊಡುವಾಗ ಕೋರ್ಟ್, ಅದು ಸಂಸತ್ತಿನ ಕೆಲಸ ಎಂದಿತು. ನೋ ಡ್ಯೂ ಫಾರ್ಮ್ ಹಿಡಿದು ಓಡಾಡಿದವರಿಗೆ ಇದು ಚೆನ್ನಾಗಿ ಗೊತ್ತು: ಲೈಬ್ರರಿಯವರು ಅಕೌಂಟ್ಸ್‌ಗೆ ಕಳಿಸ್ತಾರೆ, ಅಕೌಂಟ್ಸ್‌ನವರು ಲೈಬ್ರರಿಗೆ ಕಳಿಸ್ತಾರೆ.

ಸಂಸತ್ತು ಯಾಕೆ ಕೈ ಹಾಕಲ್ಲ? ನಮ್ಮ ಜಿಲ್ಲೆಯನ್ನೇ ನೋಡಿ. ಎಲೆಕ್ಷನ್ ಬಂತೆಂದರೆ ಪ್ರತಿ ಸಮುದಾಯದ ಸಮಾವೇಶ ನಡೀತದೆ, ಭವನ ಬೇಕು, ನಿಗಮ ಬೇಕು ಅಂತ ಮನವಿ ಹೋಗ್ತದೆ. ಸಲಿಂಗಿಗಳು ಕೊಪ್ಪಳದಲ್ಲಿ ಸಮಾವೇಶ ಮಾಡೋಕಾಗ್ತದಾ? ಅಲ್ಲಿ ಹೋಗಿ ಕೂತರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟಿರ್ತದೆ. ಅವಿತಿರೋದರಿಂದ ಎಣಿಕೆಗೆ ಬರಲ್ಲ, ಎಣಿಕೆಗೆ ಬರದವರ ಪರ ಯಾವ ಪಕ್ಷವೂ ಮಾತಾಡಲ್ಲ, ಯಾರೂ ಮಾತಾಡದ್ದರಿಂದ ಮತ್ತಷ್ಟು ಅವಿತುಕೊಳ್ಳಬೇಕಾಗ್ತದೆ. ಇದು ಪಕ್ಕಾ ಫೀಡ್‌ಬ್ಯಾಕ್ ಲೂಪ್.

"ಇದೆಲ್ಲ ಬೆಂಗಳೂರಿನ ಫ್ಯಾಷನ್, ನಮ್ಮ ಕಡೆ ಇಲ್ಲ" ಅನ್ನೋರು ಗಿಣಿಗೇರಾದಿಂದ ಹೊಸಪೇಟೆ ಕಡೆ ರೈಲು ಹತ್ತಿ, ಮುನಿರಾಬಾದಿನಲ್ಲಿ ಇಳಿದು, ಹುಣ್ಣಿಮೆ ದಿನ ಹುಲಿಗಿಗೆ ಹೋಗಿ ಬರಲಿ. ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗಪ್ಪಗಳಿಗೆ ಕೈಮುಗಿಯುವ ನಮ್ಮ ಅವ್ವ-ಅಜ್ಜಿಯರನ್ನು ಕಾಣಬಹುದು. ಮಂಜಮ್ಮ ಜೋಗತಿಯವರು ದೀಕ್ಷೆ ಪಡೆದದ್ದು ಇದೇ ಹುಲಿಗಿಯಲ್ಲಿ. ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀಯೂ ಬಂತು. ಅದೇ ವರ್ಷ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ಇವೆಲ್ಲ ಪುಕ್ಕಟೆ ಬಂದದ್ದಲ್ಲ. ಬೀದಿಗಿಳಿದು, ಅವಮಾನ ನುಂಗಿ, ಸಂಘಟನೆ ಕಟ್ಟಿ ಪಡೆದದ್ದು.

ಆದರೆ ನಮ್ಮ ಗೆಳೆಯ ಜೋಗಪ್ಪ ಅಲ್ಲ, ಟ್ರಾನ್ಸ್‌ಜೆಂಡರ್ ಅಲ್ಲ. ಅವನಿಗೆ ಸೀರೆ ಬೇಡ, ಮೀಸಲಾತಿಯೂ ಬೇಡ. ತಾನು ಹುಡುಗ ಅನ್ನೋದರ ಬಗ್ಗೆ ಅವನಿಗೆ ಅನುಮಾನವೇ ಇಲ್ಲ. ಮನಸ್ಸು ಹುಡುಗನ ಕಡೆ ಹೋಗ್ತದೆ, ಅಷ್ಟೇ. ದೇವಿಯ ಅಂಗಳದಲ್ಲೂ ಸರ್ಕಾರದ ಫಾರ್ಮಿನಲ್ಲೂ ಅವನಿಗೆ ಕಾಲಂ ಇಲ್ಲ. ನಮ್ಮ ನಾಟಕ ಇಬ್ಬರನ್ನೂ ಒಂದೇ ಮಾಡಿ, ಇಬ್ಬರನ್ನೂ ಅವಮಾನಿಸಿತ್ತು.

ಹಾಗಾದರೆ ಮೊದಲು ಏನು ಕೇಳಬೇಕು? ಮದುವೆಯ ಹಕ್ಕು ಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಗಿಣಿಗೇರಾದ ಹುಡುಗನಿಗೆ ತನಗೆ ಬೇಕಾದವನನ್ನು ಮದುವೆಯಾಗುವ ಹಕ್ಕಿಗಿಂತ ಮೊದಲು, ಬೇಡವಾದ ಮದುವೆಗೆ ಒಲ್ಲೆ ಅನ್ನುವ ಶಕ್ತಿ ಬೇಕು. ಈ ಮದುವೆ ನಡೆದರೆ ಹಾಳಾಗೋದು ಒಂದಲ್ಲ, ಎರಡು ಬದುಕು. ಏನೂ ಗೊತ್ತಿಲ್ಲದೆ ಹಸೆಮಣೆ ಏರುವ ಆ ಹುಡುಗಿಯ ತಪ್ಪೇನು? ಇನ್ನು ಹುಡುಗನ ಬದಲು ಹುಡುಗಿಯೇ ಹೀಗಿದ್ದರೆ ಒಲ್ಲೆ ಅನ್ನೋದು ಇನ್ನೂ ಕಷ್ಟ.

ಒಲ್ಲೆ ಅನ್ನೋಕೆ ಕಾಲ ಮೇಲೆ ನಿಂತಿರಬೇಕು. ಅದಕ್ಕೆ ನೌಕರಿ ಬೇಕು, ಬಾಡಿಗೆ ಮನೆ ಬೇಕು. ಗೇ ಅನ್ನೋ ಕಾರಣಕ್ಕೆ ಖಾಸಗಿ ಕಂಪನಿ ಕೆಲಸದಿಂದ ತೆಗೆದರೆ, ಮಾಲೀಕ ಮನೆ ಖಾಲಿ ಮಾಡಿಸಿದರೆ ತಡೆಯುವ ನಿರ್ದಿಷ್ಟ ಕಾನೂನು ನಮ್ಮಲ್ಲಿಲ್ಲ. ತಾರತಮ್ಯ ತಡೆಯುವ ಕಾನೂನೇ ಮೊದಲ ಬೇಡಿಕೆ ಆಗಬೇಕು ಅನ್ನೋದು ನಮ್ಮ ಅಭಿಪ್ರಾಯ. ಎರಡನೆಯದು, 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 377ನ್ನು ಪೂರ್ತಿ ಕೈಬಿಟ್ಟಿದೆ. ಇದರಿಂದ ಗಂಡಸಿನ ಮೇಲೆ ಅತ್ಯಾಚಾರ ನಡೆದರೆ ನೇರವಾಗಿ ಅನ್ವಯಿಸುವ ಕಲಮೇ ಇಲ್ಲದಂತಾಗಿದೆ. ಅದನ್ನು ತುಂಬಬೇಕು. ಮೂರನೆಯದು, ಸಲಿಂಗಿ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು, ಒಂದೇ ಪಡಿತರ ಚೀಟಿಯಲ್ಲಿರಬಹುದು ಎಂದು 2024ರಲ್ಲಿ ಕೇಂದ್ರ ಹೇಳಿದೆ. ಒಳ್ಳೆಯದೇ. ಆದರೆ ಸುತ್ತೋಲೆ ಕಾನೂನಲ್ಲ. ಇಂದು ಬಂದದ್ದು ನಾಳೆ ಹೋಗಬಹುದು.

ಇದಕ್ಕೆಲ್ಲ ದಿಲ್ಲಿಯನ್ನೇ ಕಾಯಬೇಕಾಗಿಲ್ಲ. ಯುಜಿಸಿಯ ರ‍್ಯಾಗಿಂಗ್ ತಡೆ ನಿಯಮಕ್ಕೆ 2016ರಲ್ಲಿ ಆದ ತಿದ್ದುಪಡಿಯಲ್ಲಿ, ಲೈಂಗಿಕ ಒಲವಿನ ಕಾರಣಕ್ಕೆ ಸಹಪಾಠಿಯನ್ನು ಹೀಯಾಳಿಸೋದು, ದೂರ ಇಡೋದು ಕೂಡ ರ‍್ಯಾಗಿಂಗ್ ಎಂದಿದೆ. ಪ್ರತಿ ವರ್ಷ ನಾವು ರ‍್ಯಾಗಿಂಗ್ ಮಾಡಲ್ಲ ಅಂತ ಮುಚ್ಚಳಿಕೆ ಕೊಡ್ತೀವಿ. ಈ ಸಾಲು ಎಷ್ಟು ಮಂದಿಗೆ ಗೊತ್ತು? "ಡಾಕ್ಟರ್ ಹತ್ರ ಹೋದ್ರ ಸರಿ ಆಗ್ತೈತಿ" ಅನ್ನೋರಿಗೂ ಒಂದು ಮಾತು: ಹೀಗೆ "ಸರಿಪಡಿಸುವ" ಚಿಕಿತ್ಸೆ ವೈದ್ಯವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ರೋಗವೇ ಅಲ್ಲದ್ದಕ್ಕೆ ಮದ್ದೆಲ್ಲಿಂದ ಬರಬೇಕು?

ನಮಗೆ 18 ತುಂಬಿದೆ, ಕೈಯಲ್ಲಿ ವೋಟಿದೆ. ಅವಿತಿರಬೇಕಾದವರ ಪರವಾಗಿ ಅವಿತಿರಬೇಕಾಗಿಲ್ಲದ ನಾವು ಕೇಳಬಹುದು. ಮುಂದಿನ ಸಾರಿ ವೋಟು ಕೇಳಲು ಬಂದವರಿಗೆ ರಸ್ತೆ, ನೀರಿನ ಜೊತೆ ಇದೊಂದು ಪ್ರಶ್ನೆಯನ್ನೂ ಹಾಕೋಣ. ಅದಕ್ಕೂ ಮೊದಲು, ಆ ನಾಟಕವನ್ನು ಇನ್ನು ಮುಂದೆ ನಮ್ಮ ಸಂಘ ಆಡಲ್ಲ. ಅವತ್ತು ನಗದೆ ಕೂತಿದ್ದವರು ಇನ್ನೂ ಯಾರಾದರೂ ಇದ್ದರೆ, ಅವರಲ್ಲೂ ಕ್ಷಮೆ ಕೇಳ್ತೀವಿ.

ನಮ್ಮ ಗೆಳೆಯ ಇನ್ನೂ ಮನೆಯಲ್ಲಿ ಹೇಳಿಲ್ಲ. ನೌಕರಿ ಸಿಗಲಿ ಅಂತ ಮದುವೆ ಮಾತನ್ನು ಒಂದು ವರ್ಷ ಮುಂದಕ್ಕೆ ಹಾಕಿಸಿದ್ದಾನೆ. ಸದ್ಯಕ್ಕೆ ಅವನಿಗೆ ಸಿಕ್ಕಿರೋದು ಆ ಒಂದು ವರ್ಷ.