ಬಾಲವಿಲ್ಲದ ಚೇಳು

ಮಕ್ಕಳೇ, ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ನೀವು ಕಲ್ಲಿಗೆ ಕೈ ಹಾಕಿದರೆ ಸಾಕು, "ಚೇಳು ಇದ್ದೀತು, ಹುಷಾರು!" ಎಂದು ಅಜ್ಜಿ ಕೂಗುತ್ತಾರೆ. ಅಜ್ಜಿಯ ಮಾತು ಸರಿ. ಆದರೆ ನಾನು ಇವತ್ತು ಹೇಳುವುದು ಕುಟುಕದ ಚೇಳಿನ ಸಂಗತಿ.

ಇದರ ಹೆಸರು ಹುಸಿಚೇಳು. ಮರದ ತೊಗಟೆಯ ಸಂದಿ, ತರಗೆಲೆಯ ರಾಶಿ, ಹಳೆಯ ಪುಸ್ತಕದ ಹಾಳೆ ಇದರ ಮನೆ. ಹೆಚ್ಚಿನವು ಅಕ್ಕಿಕಾಳಿಗಿಂತ ಚಿಕ್ಕವು. ಎಂಟು ಕಾಲು, ಮುಂದೆ ಚೇಳಿನಂಥದೇ ಎರಡು ಇಕ್ಕಳ. ಬಾಲವೂ ಇಲ್ಲ, ಕೊಂಡಿಯೂ ಇಲ್ಲ. ಮುಟ್ಟಿದರೆ ಹಿಮ್ಮುಖವಾಗಿ ಓಡುತ್ತದೆ. ಪುಸ್ತಕ ತಿನ್ನುವ ಸಣ್ಣ ಹುಳಗಳನ್ನೂ ನುಸಿಗಳನ್ನೂ ಹಿಡಿದು ತಿನ್ನುತ್ತದೆ. ಮನುಷ್ಯರಿಗೆ ಏನೂ ಮಾಡುವುದಿಲ್ಲ.

ಗ್ರೀಸಿನ ಅರಿಸ್ಟಾಟಲ್ ಸುಮಾರು 2,300 ವರ್ಷಗಳ ಹಿಂದೆಯೇ ಪುಸ್ತಕಗಳಲ್ಲಿರುವ ಬಾಲವಿಲ್ಲದ ಪುಟ್ಟ ಚೇಳುಗಳ ಬಗ್ಗೆ ಬರೆದಿದ್ದಾನೆ. 1758ರಲ್ಲಿ ಲಿನೇಯಸ್ ಇದನ್ನು ನುಸಿಗಳ ಗುಂಪಿಗೆ ಸೇರಿಸಿದ. ಈಗ ಇವುಗಳಿಗೆ ತಮ್ಮದೇ ಗಣವಿದೆ, ಅದರಲ್ಲಿ 3,000ಕ್ಕೂ ಹೆಚ್ಚು ಪ್ರಭೇದಗಳಿವೆ. ಚೇಳು, ಜೇಡ, ಉಣ್ಣೆಗಳೆಲ್ಲ ಇವುಗಳ ದೂರದ ನೆಂಟರು.

ಇವುಗಳಲ್ಲಿ ಎಲ್ಲಿಂಗ್‌ಸೇನಿಯಸ್ ಎಂಬ ಜಾತಿ ಜೇನುಗೂಡಿನಲ್ಲಿ ವಾಸಿಸುತ್ತದೆ. 1932ರಲ್ಲಿ ಅಮೆರಿಕದ ಚೇಂಬರ್ಲಿನ್ ಈ ಹೆಸರು ಕೊಟ್ಟರು. ಇದರ ಹೆಚ್ಚಿನ ಪ್ರಭೇದಗಳು ಆಫ್ರಿಕಾದವು. 'ಇಂಡಿಕಸ್' ಎಂಬುದು ಮಾತ್ರ ನಮ್ಮದು, ದಕ್ಷಿಣ ಭಾರತದ ಜೇನುಪೆಟ್ಟಿಗೆಗಳಲ್ಲೂ ಸಿಕ್ಕಿದೆ. ರೆಕ್ಕೆಯಿಲ್ಲದ ಇದು ಜೇನುನೊಣದ ಕಾಲನ್ನು ಇಕ್ಕಳದಿಂದ ಹಿಡಿದು ಸವಾರಿ ಮಾಡುತ್ತದೆ! ಮೊದಮೊದಲು ಇದನ್ನು ಪೀಡೆ ಎಂದೇ ಬರೆದರು. ಆದರೆ ಜೇನಿನ ರಕ್ತ ಹೀರುವ ನುಸಿಗಳನ್ನು ಹುಸಿಚೇಳುಗಳು ತಿಂದಾವೇ ಎಂದು ಈಚೆಗೆ ವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರೆ. ಜೇನು ಉಳಿದರೆ ನಮ್ಮ ಸೂರ್ಯಕಾಂತಿ ಹೊಲದಲ್ಲಿ ಕಾಳು ಕಟ್ಟುತ್ತದೆ. ಆದ್ದರಿಂದ ಕಂಡ ಕೂಡಲೇ ಹೊಸಕಿಹಾಕಬೇಡಿ.

ಹಾಗೆಂದು ಸಣ್ಣದನ್ನೆಲ್ಲ ಹುಸಿಚೇಳು ಎಂದು ನಂಬಲೂಬೇಡಿ. ನಿಜವಾದ ಚೇಳಿನ ಮರಿಯೂ ಸಣ್ಣದೇ. ಕೈ ಹಾಕದೆ, ದೂರದಿಂದ ಬಾಲ ಇದೆಯೇ ನೋಡಿ. ಇದ್ದರೆ ಹಿಂದೆ ಸರಿದು ದೊಡ್ಡವರನ್ನು ಕರೆಯಿರಿ.

ಅಜ್ಜ-ಅಜ್ಜಿಯರಲ್ಲಿ ಒಂದು ಮನವಿ. ಕೆಂಪು ಚೇಳು ಕುಟುಕಿದರೆ ಮಕ್ಕಳ ಜೀವಕ್ಕೇ ಅಪಾಯ. ಮಂತ್ರ ಹಾಕಿಸುತ್ತ, ಸೊಪ್ಪು ಅರೆಯುತ್ತ ಹೊತ್ತು ಕಳೆಯದೆ ಮಗುವನ್ನು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಆಮೇಲೆ ಬಿಡುವಾದಾಗ ಮೊಮ್ಮಕ್ಕಳ ಜೊತೆ ಕೂತು, ಅಟ್ಟದ ಮೇಲಿನ ಹಳೆಯ ಪುಸ್ತಕಗಳನ್ನು ಭೂತಗನ್ನಡಿ ಹಿಡಿದು ಒಮ್ಮೆ ನೋಡಿ.