ಅಕ್ಕಿಗೆ ಬೋರ್ಡ್ ಇದೆ, ಆಪರೇಷನ್ನಿಗೆ ಯಾಕಿಲ್ಲ?

ನ್ಯಾಯಬೆಲೆ ಅಂಗಡಿ ಮುಂದೆ ಒಂದು ಬೋರ್ಡ್ ಇರಬೇಕು ಅನ್ನುವುದು ನಿಯಮ. ಒಬ್ಬರಿಗೆ ಎಷ್ಟು ಕೆಜಿ, ಅಂಗಡಿಯಲ್ಲಿ ದಾಸ್ತಾನು ಎಷ್ಟಿದೆ, ದೂರು ಕೊಡುವುದಾದರೆ ಯಾರಿಗೆ, ಇಷ್ಟೂ ಅದರಲ್ಲಿ ಬರೆದಿರಬೇಕು. ಅಕ್ಕಿ ಕಡಿಮೆ ಬಂದರೆ ನಮ್ಮ ಹೆಂಗಸರು ಅಂಗಡಿಯವನನ್ನು ಅಲ್ಲೇ ನಿಲ್ಲಿಸಿ ಕೇಳುತ್ತಾರೆ. ಯಾಕೆಂದರೆ ತಮಗೆ ಎಷ್ಟು ಸಿಗಬೇಕು ಎಂಬುದು ಅವರಿಗೆ ಗೊತ್ತಿದೆ.

ಅದೇ ಹೆಂಗಸರು ಅತ್ತೆಯನ್ನು ಕರೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದಾಗ, "ಇಲ್ಲಿ ಆಗಲ್ಲಮ್ಮ, ಬೆಂಗಳೂರಿಗೆ ಕರ್ಕೊಂಡು ಹೋಗಿ" ಅಂದರೆ ಸುಮ್ಮನೆ ವಾಪಸ್ ಬರುತ್ತಾರೆ. ಯಾಕೆ ಆಗಲ್ಲ, ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಬೇಕು, ಎಷ್ಟು ದಿನ ಕಾಯಬೇಕು ಎಂದು ಕೇಳುವುದಿಲ್ಲ. ಕೇಳಿದರೂ ಉತ್ತರ ಬಾಯಿಮಾತಿನಲ್ಲೇ ಮುಗಿಯುತ್ತದೆ. ಅಕ್ಕಿಯ ರೇಷನ್ ನಮ್ಮ ಕಣ್ಣಿಗೆ ಕಾಣುತ್ತದೆ, ಚಿಕಿತ್ಸೆಯ ರೇಷನ್ ಕಾಣುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ದುಡ್ಡೂ ಒಂದು ರೇಷನ್ನೇ

ಸರ್ಕಾರವೇ ಎಲ್ಲರಿಗೂ ಚಿಕಿತ್ಸೆ ಕೊಡಬೇಕು ಅಂದಾಗಲೆಲ್ಲ ಒಂದು ಮಾತು ಬರುತ್ತದೆ: "ಸರ್ಕಾರಿ ಅಂದ್ರೆ ಕ್ಯೂ, ಕೊರತೆ, ನಾಳೆ ಬಾ. ಖಾಸಗಿಯಲ್ಲಿ ಹೋದ ತಕ್ಷಣ ನೋಡ್ತಾರೆ." ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ಏನೆಂದರೆ, ಖಾಸಗಿಯಲ್ಲೂ ರೇಷನ್ ಇದೆ. ಅದನ್ನು ಹಂಚುವುದು ಕ್ಯೂ ಅಲ್ಲ, ಜೇಬು. ಡಿಪಾಸಿಟ್ ಕಟ್ಟಲಾಗದೆ ಬಾಗಿಲಿನಿಂದಲೇ ಹಿಂದಿರುಗಿದವರು, ಒಡವೆ ಅಡವಿಟ್ಟವರು, ಅರ್ಧ ಎಕರೆ ಮಾರಿದವರು ಪ್ರತಿ ಊರಲ್ಲೂ ಇದ್ದಾರೆ. ಇವರು ಯಾವ ಕಾಯುವ ಪಟ್ಟಿಯಲ್ಲೂ ಇಲ್ಲದ ಕಾರಣ ಖಾಸಗಿಯಲ್ಲಿ ಕೊರತೆಯೇ ಇಲ್ಲದಂತೆ ಕಾಣುತ್ತದೆ.

ಡಾಕ್ಟರು, ಬೆಡ್ಡು, ಔಷಧಿ, ದುಡ್ಡು ಯಾವ ದೇಶದಲ್ಲೂ ಬೇಕಾದಷ್ಟು ಇಲ್ಲ. ಬ್ರಿಟನ್ 1948ರ ಜುಲೈ 5ರಿಂದ ಸರ್ಕಾರದ ಖರ್ಚಿನಲ್ಲೇ ಎಲ್ಲರಿಗೂ ಚಿಕಿತ್ಸೆ ಕೊಡುತ್ತಿದೆ. ಅಲ್ಲಿಯೂ ಜನ ಕಾಯುತ್ತಾರೆ. ತುರ್ತಲ್ಲದ ಚಿಕಿತ್ಸೆ 18 ವಾರದೊಳಗೆ ಶುರುವಾಗಬೇಕು ಎಂಬ ಗುರಿ ಇದೆ. ವರ್ಷಗಳಿಂದ ಅದು ಈಡೇರುತ್ತಿಲ್ಲ, ಇತ್ತೀಚೆಗೆ ಕಾಯುವ ಪಟ್ಟಿ 70 ಲಕ್ಷ ದಾಟಿತ್ತು. ಇದನ್ನು ತೋರಿಸಿ "ನೋಡಿ, ಸರ್ಕಾರಿ ಆಸ್ಪತ್ರೆ ಅಂದ್ರೆ ಹೀಗೇ" ಎನ್ನುವವರಿದ್ದಾರೆ. ನಾನು ಬೇರೆ ಸಂಗತಿ ನೋಡುತ್ತೇನೆ. ಆ ಲೆಕ್ಕ ಪ್ರತಿ ತಿಂಗಳೂ ಪ್ರಕಟವಾಗುತ್ತದೆ. ಅದನ್ನು ಹಿಡಿದು ಅವರ ಸಂಸತ್ತಿನಲ್ಲಿ ಜಗಳವಾಗುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಎಷ್ಟು ಜನ ಆಪರೇಷನ್ನಿಗೆ ಕಾಯುತ್ತಿದ್ದಾರೆ ಎಂದು ನಾವು ಯಾರ ಬಳಿ ಜಗಳವಾಡುವುದು? ಜಗಳಕ್ಕೆ ಬೇಕಾದ ಲೆಕ್ಕವೇ ನಮ್ಮ ಕೈಯಲ್ಲಿ ಇಲ್ಲ.

ನಾಲ್ಕು ಜರಡಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲೇ 9.9 ಲಕ್ಷವಿತ್ತು. ಆಮೇಲೆ ವಿಮಾನ ನಿಲ್ದಾಣ, ಕೈಗಾರಿಕೆ, ಲೇಔಟುಗಳ ಜೊತೆ ಜನವೂ ಬೆಳೆದಿದೆ. ನಮ್ಮ ಅದೃಷ್ಟವೋ ದುರದೃಷ್ಟವೋ, ಜಯದೇವ, ಕಿದ್ವಾಯಿ, ನಿಮ್ಹಾನ್ಸ್, ವಿಕ್ಟೋರಿಯಾ ಎಲ್ಲ ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರ. ಹೀಗಾಗಿ ಕಾಯಿಲೆ ಸ್ವಲ್ಪ ದೊಡ್ಡದಾದರೆ ಬಾಯಿಗೆ ಮೊದಲು ಬರುವ ಮಾತೇ "ಬೆಂಗಳೂರಿಗೆ ಹೋಗಿ". ಇಡೀ ರಾಜ್ಯದ ರೋಗಿಗಳು ನಿಂತಿರುವ ಕ್ಯೂನಲ್ಲಿ ಹೊಸಕೋಟೆಯವರೂ ಹೋಗಿ ನಿಲ್ಲುತ್ತಾರೆ.

ಅಲ್ಲಿಗೆ ಮುಟ್ಟುವ ಮೊದಲು ನಾಲ್ಕು ಜರಡಿ ದಾಟಬೇಕು.

ಮೊದಲನೆಯದು ಕಾರ್ಡು. ರಾಜ್ಯ ಸರ್ಕಾರ 2018ರಲ್ಲಿ ಶುರು ಮಾಡಿದ ಆರೋಗ್ಯ ಕರ್ನಾಟಕ ಯೋಜನೆ ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಅಂದರೆ 1 ಲಕ್ಷದ ಆಪರೇಷನ್ನಿಗೆ ಎಪಿಎಲ್ ಮನೆಯವರು 70 ಸಾವಿರ ಕೈಯಿಂದ ಹಾಕಬೇಕು. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳು ಎಪಿಎಲ್ ಆದವು ಎಂದು ರಾಜ್ಯದಲ್ಲಿ ಗಲಾಟೆ ಎದ್ದಾಗ ಎಲ್ಲರೂ ಅಕ್ಕಿಯ ಬಗ್ಗೆಯೇ ಮಾತಾಡಿದರು. ಡಯಾಲಿಸಿಸ್, ಹೃದಯದ ಆಪರೇಷನ್ನು ಇರುವ ಮನೆಗೆ ಅಕ್ಕಿಗಿಂತ ದೊಡ್ಡ ಪೆಟ್ಟು ಆಸ್ಪತ್ರೆಯ ಬಿಲ್ಲಿನಲ್ಲಿತ್ತು.

ಎರಡನೆಯದು ಪತ್ರ. ಸಾಮಾನ್ಯ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ಆಗದ್ದಕ್ಕೆ ಸರ್ಕಾರಿ ವೈದ್ಯರು ರೆಫರಲ್ ಪತ್ರ ಕೊಟ್ಟರೆ ಮಾತ್ರ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದೆ.

ಮೂರನೆಯದು ಪಟ್ಟಿ. ಯೋಜನೆಯಲ್ಲಿ ಸುಮಾರು 1,650 ಚಿಕಿತ್ಸೆಗಳಿವೆ, ಪ್ರತಿಯೊಂದಕ್ಕೂ ಕೋಡ್, ದರ ಇದೆ. ನಿಮ್ಮ ಕಾಯಿಲೆ ಆ ಕೋಡಿಗೆ ಹೊಂದಲಿಲ್ಲ ಅಂದರೆ ಕಾರ್ಡು ಇದ್ದೂ ಪ್ರಯೋಜನವಿಲ್ಲ.

ನಾಲ್ಕನೆಯದು ಸರದಿ. ಕಾರ್ಡು, ಪತ್ರ, ಕೋಡ್ ಮೂರೂ ಸರಿಯಿದ್ದರೂ ಬೆಡ್ ಬೇಕು, ತಜ್ಞರು ಬೇಕು, ದಿನ ಗೊತ್ತಾಗಬೇಕು. ಮೊದಲ ಮೂರು ಜರಡಿಗೆ ಕಾಗದದ ಮೇಲೆ ನಿಯಮವಿದೆ. ಈ ನಾಲ್ಕನೆಯದಕ್ಕೆ ರೋಗಿಯ ಕೈಗೆ ಸಿಗುವ ಯಾವ ಕಾಗದವೂ ಇಲ್ಲ. ಪರಿಚಯದವರ ಫೋನು, ಶಾಸಕರ ಕಚೇರಿಯ ಚೀಟಿ ಕೆಲಸ ಮಾಡುವುದು ಇಲ್ಲೇ.

ಪತ್ರವನ್ನೇ ತೆಗೆದರೆ?

"ಈ ರೆಫರಲ್ ಪತ್ರವೇ ದೊಡ್ಡ ಕಾಟ, ತೆಗೆದುಹಾಕಿ" ಎಂದು ನಮ್ಮ ರೈತರು ಹೇಳುವುದನ್ನು ಕೇಳಿದ್ದೇವೆ. ಅವರ ಸಿಟ್ಟಿಗೆ ಕಾರಣವಿದೆ. 2003ರಲ್ಲಿ ಬಂದ ಯಶಸ್ವಿನಿ ಯೋಜನೆಯಲ್ಲಿ ಹಾಲಿನ ಡೈರಿ, ಸೊಸೈಟಿಗಳ ಸದಸ್ಯರು ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ಕಂತು ಕಟ್ಟಿ, ಯೋಜನೆಗೆ ಸೇರಿದ ಆಸ್ಪತ್ರೆಗೆ ನೇರವಾಗಿ ಹೋಗುತ್ತಿದ್ದರು. 2018ರಲ್ಲಿ ಅದು ನಿಂತು ಆರೋಗ್ಯ ಕರ್ನಾಟಕ ಬಂದಾಗ, ಮೊದಲು ಸರ್ಕಾರಿ ಆಸ್ಪತ್ರೆಯ ಬಾಗಿಲು ತಟ್ಟಿ ಪತ್ರ ತರಬೇಕಾಯಿತು. ಸಹಕಾರಿ ಸದಸ್ಯರ ಒತ್ತಾಯದ ಮೇಲೆ 2022–23ರಲ್ಲಿ ಯಶಸ್ವಿನಿ ಮತ್ತೆ ಶುರುವಾಯಿತು.

ಆದರೂ ಪತ್ರವನ್ನು ಪೂರ್ತಿ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವ ಆಪರೇಷನ್ನಿಗೂ ಎಲ್ಲರೂ ನೇರ ಖಾಸಗಿಗೆ ಹೋದರೆ ಸರ್ಕಾರದ ದುಡ್ಡು ಅಲ್ಲಿಗೇ ಹರಿಯುತ್ತದೆ. ತಾಲ್ಲೂಕು ಆಸ್ಪತ್ರೆಯ ಆಪರೇಷನ್ ಕೋಣೆಗೆ ಬೀಗ ಬೀಳುತ್ತದೆ. ಆಮೇಲೆ ಕಾರ್ಡು ನಡೆಯದವನಿಗೆ ಅದೂ ಇರುವುದಿಲ್ಲ. ಜರಡಿ ಇರುವುದು ತಪ್ಪಲ್ಲ. ಜರಡಿ ಹಿಡಿದವರು ಯಾಕೆ ತಡೆದರು ಎಂದು ಹೇಳದಿರುವುದು ತಪ್ಪು.

ತಜ್ಞರು ರಜೆಯಲ್ಲಿದ್ದಾರೆ, ಅರಿವಳಿಕೆ ವೈದ್ಯರ ಹುದ್ದೆ ಖಾಲಿ ಇದೆ, ಯಂತ್ರ ಕೆಟ್ಟಿದೆ, ಬೆಡ್ ತುಂಬಿದೆ. ಈ ನಾಲ್ಕೂ ಬೇರೆ ಬೇರೆ ಕಾರಣ. ಒಂದು ಸೋಮವಾರಕ್ಕೆ ಸರಿಯಾಗುತ್ತದೆ, ಇನ್ನೊಂದು ವರ್ಷವಾದರೂ ಸರಿಯಾಗುವುದಿಲ್ಲ. ರೋಗಿಯ ಕಿವಿಗೆ ಬೀಳುವುದು ಮಾತ್ರ ಒಂದೇ ಮಾತು: "ಇಲ್ಲಿ ಆಗಲ್ಲ".

ನೆಲಮಂಗಲದ ರಸ್ತೆ ಕಲಿಸಿದ್ದು

ನಿಯಮ ನೇರವಾಗಿದ್ದರೆ ಹೇಗಿರುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲ ಬಳಿ ಹೆದ್ದಾರಿಯಲ್ಲಿ ಲಾರಿ ಹರಿದು ಹರೀಶ್ ಎಂಬ ಯುವಕ ತೀರಿಕೊಂಡರು. ಸಾಯುವ ಹೊತ್ತಿನಲ್ಲೂ ತಮ್ಮ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ ಅವರ ಸುದ್ದಿ ರಾಜ್ಯವನ್ನೇ ಅಲುಗಾಡಿಸಿತು. ಮುಂದಿನ ತಿಂಗಳೇ ಸರ್ಕಾರ ಅವರ ಹೆಸರಿನಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ತಂದಿತು. ಅಪಘಾತವಾದವರಿಗೆ ಮೊದಲ 48 ಗಂಟೆ, 25 ಸಾವಿರ ರೂಪಾಯಿವರೆಗೆ ಉಚಿತ ಚಿಕಿತ್ಸೆ ಸಿಗುತ್ತಿತ್ತು. ಯಾವ ಊರಿನವರು, ಯಾವ ರಾಜ್ಯದವರು ಎಂದು ಕೇಳುವ ಹಾಗಿರಲಿಲ್ಲ.

ಇದೂ ರೇಷನ್ನೇ. 48 ಗಂಟೆ, 25 ಸಾವಿರ ಎಂಬ ಗೆರೆ ಇತ್ತು. ಆದರೆ ಗೆರೆ ಎಲ್ಲಿದೆ ಎಂದು ಆಸ್ಪತ್ರೆಯವರಿಗೂ ಗೊತ್ತಿತ್ತು, ಗಾಯಾಳುವಿನ ಮನೆಯವರಿಗೂ ಗೊತ್ತಿತ್ತು.

ಗೆರೆ ಕಾಣದಿದ್ದರೆ ಏನಾಗುತ್ತದೆ ಎಂಬುದನ್ನು ಸುಪ್ರೀಂ ಕೋರ್ಟಿನ 1996ರ ಒಂದು ತೀರ್ಪು ಹೇಳುತ್ತದೆ. ಪಶ್ಚಿಮ ಬಂಗಾಳದ ಕೂಲಿಕಾರ ಹಕೀಂ ಶೇಖ್ 1992ರ ಜುಲೈನಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಬೆಡ್ ಇಲ್ಲ, ಸೌಲಭ್ಯವಿಲ್ಲ ಎಂದು ಕಳುಹಿಸಿತು. ಕೊನೆಗೆ ಖಾಸಗಿಯಲ್ಲಿ ದುಡ್ಡು ಕೊಟ್ಟು ಬದುಕಿಕೊಂಡರು. ಇದು ಸಂವಿಧಾನದ 21ನೇ ವಿಧಿ ಕೊಟ್ಟಿರುವ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದ ಕೋರ್ಟು, ಅವರಿಗೆ 25 ಸಾವಿರ ರೂಪಾಯಿ ಪರಿಹಾರ ಕೊಡಿಸಿತು. ದುಡ್ಡಿಲ್ಲ ಎಂದು ಸರ್ಕಾರ ಈ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದಿತು. ಎಲ್ಲಿ ಬೆಡ್ ಖಾಲಿ ಇದೆ ಎಂದು ತಿಳಿಯುವ ಒಂದೇ ಸಂಪರ್ಕ ವ್ಯವಸ್ಥೆ ರಾಜ್ಯ ಮಟ್ಟದಲ್ಲಿ ಇರಬೇಕು ಎಂದೂ ಹೇಳಿತು.

ಇದು ಆಗದ ಕೆಲಸವೇನಲ್ಲ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಯಾವ ಆಸ್ಪತ್ರೆಯಲ್ಲಿ ಎಷ್ಟು ಬೆಡ್ ಖಾಲಿ ಎಂದು ಮೊಬೈಲಿನಲ್ಲೇ ನೋಡಿದೆವು. 2021ರ ಮೇನಲ್ಲಿ ಬೆಡ್ ಬ್ಲಾಕಿಂಗ್ ಹಗರಣವೂ ಆಯಿತು, ನಿಜ. ಆದರೆ ಪಟ್ಟಿ ಇದ್ದುದರಿಂದಲೇ ಆ ಮೋಸ ಸಿಕ್ಕಿಬಿತ್ತು.

ಆಗಲ್ಲ ಅನ್ನುವುದನ್ನು ಬರೆದು ಕೊಡಿ

ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ನಾಡಕಚೇರಿಯಲ್ಲಿ ಸಕಾಲ ನಂಬರು ಕೊಡುತ್ತಾರೆ. 2011ರ ಕಾಯ್ದೆ ಅದು. 15 ಅಂಕಿಯ ನಂಬರು, ಇಷ್ಟು ದಿನದೊಳಗೆ ಕೆಲಸ ಆಗಬೇಕು ಎಂಬ ಗಡುವು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಒಂದು ಸರ್ಟಿಫಿಕೇಟಿಗೆ ಇಷ್ಟು ಮರ್ಯಾದೆ ಇದೆ. ಅಜ್ಜಿಯ ಕಣ್ಣಿನ ಆಪರೇಷನ್ನಿಗೆ ಯಾಕಿಲ್ಲ?

ಬೇಕಾಗಿರುವುದು ಮೂರು ಸಾಲಿನ ಚೀಟಿ. ಈ ಚಿಕಿತ್ಸೆ ಇಲ್ಲಿ ಯಾಕೆ ಆಗಲಿಲ್ಲ. ಎಲ್ಲಿಗೆ ಹೋಗಬೇಕು, ಅಲ್ಲಿಗೆ ತಿಳಿಸಲಾಗಿದೆಯೇ. ಯಾವ ದಿನದೊಳಗೆ ನೋಡುತ್ತಾರೆ. ಕೆಳಗೆ ಒಂದು ನಂಬರು, ಒಂದು ಸಹಿ. ಆಸ್ಪತ್ರೆ ಬಾಗಿಲಲ್ಲಿ ಒಂದು ಬೋರ್ಡು: ಈ ವಾರ ಇರುವ ತಜ್ಞರು, ಕಾಯುತ್ತಿರುವವರ ಸಂಖ್ಯೆ, ಹೊರಗೆ ಕಳುಹಿಸಿದವರ ಸಂಖ್ಯೆ.

ಹಂಚಿಕೆಯನ್ನು ನಿಯಮದಂತೆ ಮಾಡುವುದು ವೈದ್ಯಲೋಕಕ್ಕೆ ಹೊಸದೇನಲ್ಲ. ಮೃತರು ದಾನ ಮಾಡಿದ ಕಿಡ್ನಿ, ಲಿವರ್ ಯಾರಿಗೆ ಎಂಬುದನ್ನು ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ಹೆಸರು ನೋಂದಾಯಿಸಿದವರ ಪಟ್ಟಿಯಿಂದ, ಗೊತ್ತುಪಡಿಸಿದ ನಿಯಮದ ಪ್ರಕಾರ ತೀರ್ಮಾನಿಸುತ್ತದೆ. ಅಷ್ಟು ಕಷ್ಟದ ಹಂಚಿಕೆಗೇ ಪಟ್ಟಿ ಇರುವಾಗ ಹರ್ನಿಯಾ ಆಪರೇಷನ್ನಿಗೆ ಪಟ್ಟಿ ಮಾಡಲಾಗದೇ?

ವೈದ್ಯರು ಹೇಳುವ ಮಾತಿಗೂ ಕಿವಿಗೊಡಬೇಕು. 30 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಲೆಕ್ಕ. ಹೊರರೋಗಿಗಳ ಸಾಲು, ವರದಿಗಳು, ಮೀಟಿಂಗುಗಳ ನಡುವೆ ಇನ್ನೊಂದು ಚೀಟಿ ಬರೆಯುವುದು ಅವರಿಗೆ ಹೊರೆಯೇ. ಚೀಟಿಯಿಂದ ಒಂದು ಬೆಡ್ಡೂ ಹೆಚ್ಚಾಗುವುದಿಲ್ಲ ಎಂಬುದೂ ನಿಜ. ಆದರೆ ಈಗ ಬೈಗುಳ ತಿನ್ನುತ್ತಿರುವವರು ಅದೇ ವೈದ್ಯರು. "ಅರಿವಳಿಕೆ ತಜ್ಞರ ಹುದ್ದೆ ಖಾಲಿ" ಎಂದು ಒಂದು ವರ್ಷದಲ್ಲಿ ನೂರು ಚೀಟಿ ಬರೆದರೆ, ಅದು ವೈದ್ಯರ ಮೇಲಿನ ದೂರಲ್ಲ, ಹುದ್ದೆ ತುಂಬದವರ ಮೇಲಿನ ದೂರು. 2025ರ ಹೊತ್ತಿಗೆ ಆರೋಗ್ಯಕ್ಕೆ ಸರ್ಕಾರಗಳ ಖರ್ಚು ದೇಶದ ಜಿಡಿಪಿಯ ಶೇ. 2.5ಕ್ಕೆ ಏರಬೇಕು ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. ಆ ದುಡ್ಡು ನಮ್ಮ ತಾಲ್ಲೂಕಿಗೆ ಯಾಕೆ ಬೇಕು ಎಂದು ಕೇಳಲು ಬರಿ ಗೋಳು ಸಾಲದು, ಲೆಕ್ಕ ಬೇಕು.

ಅಲ್ಲಿಯವರೆಗೆ

ಕಾನೂನು ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ರೆಫರಲ್ ಪತ್ರ ಬೇಕಿಲ್ಲ, ಪತ್ರಕ್ಕಾಗಿ ಅಲೆಯುತ್ತಾ ಹೊತ್ತು ಕಳೆಯಬೇಡಿ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಇರುತ್ತಾರೆ, ಮೊದಲು ಅವರನ್ನು ಕಾಣಿ. ಮಾಹಿತಿಗೆ, ದೂರಿಗೆ 104ಕ್ಕೆ ಕರೆ ಮಾಡಿ. "ಇಲ್ಲಿ ಆಗಲ್ಲ" ಅಂದರೆ, ಜಗಳ ಬೇಡ, "ಕಾರಣ ಒಪಿಡಿ ಚೀಟಿಯ ಮೇಲೆ ಬರೆದು ಕೊಡಿ ಸಾರ್" ಎಂದು ಕೇಳಿ. ಆ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ.

ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಅದರಲ್ಲಿ ಯಾರಿದ್ದಾರೆ, ಕಳೆದ ಸಭೆ ಯಾವಾಗ ಆಯಿತು ಎಂದು ಕೇಳಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಮನೆ ಆದಮೇಲೆ ಒಂದು ಪ್ರಶ್ನೆ ಎತ್ತಿ: ನಮ್ಮ ಪಂಚಾಯ್ತಿಯಿಂದ ಈ ವರ್ಷ ಎಷ್ಟು ಜನರನ್ನು ಬೆಂಗಳೂರಿಗೆ ಕಳುಹಿಸಿದರು, ಯಾವ ಕಾರಣಕ್ಕೆ?

ಉತ್ತರ ಸಿಗದಿರಬಹುದು. ಸಿಗಲಿಲ್ಲ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ನ್ಯಾಯಬೆಲೆ ಅಂಗಡಿಯ ಬೋರ್ಡೂ ತಾನಾಗೇ ಬಂದದ್ದಲ್ಲ, ಕೇಳಿ ಕೇಳಿ ಬಂದದ್ದು.